ಬಾಲವಿಲ್ಲದ ಹುಂಜ

ಬೆಳಗ್ಗೆ ಐದೂವರೆಗೆ ಭಾಮೈದ ಮಹಡಿಯ ಮೇಲೆ ನಿಂತು ಕೊಕ್ಕೊಕ್ಕೋ ಎಂದು ಕೂಗಿದ. ಎದುರು ಸಾಲಿನ ಮಹಡಿಯಿಂದ ಒಬ್ಬರು ಮರುಕೂಗು ಹಾಕಿದರು, ಆಮೇಲೆ ನೀರಿನ ಟ್ಯಾಂಕಿನ ಹಿಂದಿನಿಂದ ಇನ್ನೊಬ್ಬರು, ಕೊನೆಗೆ ಮೂಲೆಮನೆಯ ಹಲ್ಲಿನ ಡಾಕ್ಟರು. ಡಾಕ್ಟರದ್ದು ಯಾವಾಗಲೂ ಸ್ವಲ್ಪ ತಡ, ಮುಗಿಯುವುದು ಕೆಮ್ಮಿನಲ್ಲಿ. ಕೆಳಗೆ ಹಾಸಿಗೆಯಲ್ಲಿ ಮಗ್ಗುಲಾಗಿದ್ದ ಅವನು, ಭಾಮೈದನ ಭಾವ, ದಿಂಬನ್ನು ಕಿವಿಗೆ ಒತ್ತಿ ಹಿಡಿದ. ಒಂಬತ್ತು ತಿಂಗಳಿಂದ ಹೀಗೇ ನಡೆದಿತ್ತು. ಊರಲ್ಲಿ ನಿಜವಾದ ಕೋಳಿಗಳೇನಾದರೂ ಉಳಿದಿದ್ದರೆ ಅವು ನಾಚಿ ಸುಮ್ಮನಾಗಿರಬೇಕು. ನಲವತ್ತು ದಾಟಿದ, ಕನ್ನಡಕದ ಅಂಗಡಿ ಇಟ್ಟುಕೊಂಡಿರುವ, ಬೇರೆಯವರ ಕಣ್ಣು ಪರೀಕ್ಷೆ ಮಾಡಿ ಚೀಟಿ ಬರೆದುಕೊಡುವ ಗಂಡಸು ದಿನಾ ಬೆಳಗ್ಗೆ ಹೀಗೆ ಕೂಗುವುದಕ್ಕೆ ಕಾರಣ ತಾನು ಎಂಬುದು ನೆನಪಾಗಿ ಅವನು ಎದ್ದು ಕೂತ. ಈವತ್ತು ಮೂರು ಗಂಟೆಗೆ ವಿಚಾರಣೆ. ಈವತ್ತು ಹೇಳಿಬಿಡಬೇಕು. ನಿನ್ನೆಯೂ ಹೀಗೆಯೇ ಅಂದುಕೊಂಡಿದ್ದ, ಆದರೆ ನಿನ್ನೆ ವಿಚಾರಣೆ ಇರಲಿಲ್ಲ, ಹಾಗಾಗಿ ಅಂದುಕೊಳ್ಳುವುದು ಸುಲಭವಾಗಿತ್ತು.

ಅರವತ್ತು ವರ್ಷದ ಹಿಂದೆ ಈ ನಾಡು ಪಕ್ಕದ ದೊಡ್ಡ ದೇಶಕ್ಕೆ ಸೇರಿದ್ದು ಒಂದೇ ಒಂದು ಹಾಳೆಯ ಮೇಲೆ. ನಾಡಿನ ಕೊನೆಯ ದೊರೆ ರುಜು ಹಾಕಿದ ಆ ಸೇರ್ಪಡೆ ಪತ್ರ, ಭಾವ ಬೈಂಡರಾಗಿ ಕೆಲಸ ಮಾಡುವ ದಾಖಲೆ ಭಂಡಾರದಲ್ಲಿತ್ತು. ಅದರ ಬಗ್ಗೆ ಕಥೆಗಳಿಗೇನೂ ಬರವಿರಲಿಲ್ಲ. ರುಜು ಹಾಕಿದ್ದು ದೊರೆಯಲ್ಲ, ದೊರೆಯ ಥರವೇ ಇದ್ದ ಕ್ಷೌರಿಕ ಎಂದು ಕೆಲವರು. ರುಜು ಹಾಕುವಾಗ ಪುರಭವನದ ಗಡಿಯಾರವನ್ನು ಹನ್ನೊಂದು ನಿಮಿಷ ನಿಲ್ಲಿಸಿದ್ದರು, ಆದ್ದರಿಂದ ಕಾನೂನಿನ ಪ್ರಕಾರ ಆ ಹನ್ನೊಂದು ನಿಮಿಷ ನಡೆದೇ ಇಲ್ಲ ಎಂದು ಇನ್ನು ಕೆಲವರು. ಇವೆಲ್ಲ ಕ್ಷೌರದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಹೊತ್ತು ಕಳೆಯುವ ಮಾತುಗಳಾಗಿದ್ದವು. ಅರವತ್ತನೇ ವರ್ಷದ ನೆನಪಿಗೆಂದು ಪತ್ರವನ್ನು ಹಿಂದಿನಿಂದ ದೀಪ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ದಿನ, ಸ್ವಿಚ್ ಒತ್ತಿದ ಕೂಡಲೇ, ದೊರೆಯ ರುಜುವಿನ ಎಡಕ್ಕೆ, ಕೆಳಗಿನ ಮೂಲೆಯಲ್ಲಿ, ಕಾಗದದ ಮೈಯೊಳಗಿಂದಲೇ ಒಂದು ಹುಂಜ ಎದ್ದು ಬಂತು. ಎದೆ ಉಬ್ಬಿಸಿ, ಕೊಕ್ಕು ತೆರೆದು ನಿಂತಿತ್ತು. ಬಾಲ ಮಾತ್ರ ಇರಲಿಲ್ಲ.

ಅಲ್ಲಿಂದ ಶುರುವಾಯಿತು. ಹುಂಜ ದೊರೆಯ ಗುಪ್ತ ಗುರುತು, 'ಬಲವಂತಕ್ಕೆ ಸೇರಿದ್ದೇನೆ, ಬೆಳಕಾದಾಗ ಏಳುತ್ತೇವೆ' ಎಂದು ಅದರ ಅರ್ಥ ಎಂದರು ಭಾಮೈದನ ಪಂಗಡದವರು. ಹುಂಜ ಪೂರ್ವಕ್ಕೆ, ಅಂದರೆ ರಾಜಧಾನಿಯ ಕಡೆಗೆ ಮುಖ ಮಾಡಿದೆ, ಆದ್ದರಿಂದ ದೊರೆ ಸಂತೋಷದಿಂದಲೇ ಸೇರಿದ್ದು ಎಂದರು ದೊಡ್ಡ ದೇಶದ ಭಕ್ತರು. ಹಾಳೆಯನ್ನು ಹಿಂದಿನಿಂದ ನೋಡಿದರೆ ಹುಂಜ ಪಶ್ಚಿಮಕ್ಕೆ ತಿರುಗುತ್ತದಲ್ಲ ಎಂದು ಯಾರೋ ತೋರಿಸಿದ ಮೇಲೆ ಊರಿನಲ್ಲಿ ಮುಂದಿನಿಂದ ನೋಡುವವರು, ಹಿಂದಿನಿಂದ ನೋಡುವವರು ಎಂದು ಎರಡು ಪಕ್ಷಗಳಾದವು. ಅದು ಹುಂಜವೇ ಅಲ್ಲ, ಹೆಂಟೆ ಎಂಬ ಮೂರನೆಯ ಸಣ್ಣ ಪಕ್ಷವೂ ಹುಟ್ಟಿ ಎರಡೂ ಕಡೆಯವರಿಂದ ಒದೆ ತಿಂದಿತು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಾಲದ್ದು. ಬಾಲ ಎಂದರೆ ಸೇರ್ಪಡೆಯ ಹೊತ್ತಿನಲ್ಲಿ ಕೈತಪ್ಪಿದ ಎರಡು ಜಿಲ್ಲೆಗಳು, ಅವುಗಳನ್ನು ಬೇಕೆಂದೇ ಕತ್ತರಿಸಿದ್ದಾರೆ ಎಂದು ಭಾಮೈದ ತನ್ನ ಅಂಗಡಿಯ ಗಾಜಿಗೆ 'ನಮ್ಮ ಬಾಲ ನಮಗೆ ಕೊಡಿ' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಅಂಟಿಸಿದ್ದ. ಕಣ್ಣು ತೋರಿಸಲು ಬಂದ ಮುದುಕರಿಗೆ ಅದನ್ನೇ ಓದಿಸಿ ಕನ್ನಡಕದ ನಂಬರು ಬರೆಯುತ್ತಿದ್ದ.

ಭಾವನಿಗೆ ಮಾತ್ರ ಗೊತ್ತಿತ್ತು. ಆ ಹುಂಜ ಒಂದು ಡ್ರಾಯಿಂಗ್ ಪುಸ್ತಕದ್ದು. ಒಳ್ಳೆಯ ದಪ್ಪ ಕಾಗದ, ಪ್ರತಿ ಹಾಳೆಯ ಮೂಲೆಯಲ್ಲೂ ಕಾರ್ಖಾನೆಯವರ ಗುರುತಾಗಿ ಬೆಳಕಿಗೆ ಹಿಡಿದರಷ್ಟೇ ಕಾಣುವ ಒಂದು ಹುಂಜ. ಪುಸ್ತಕ ಅವನ ಮಗಳದು. ಮೂವತ್ತು ವರ್ಷದ ಹಿಂದೆ, ಮೂವತ್ತನೇ ವರ್ಷದ ಸಮಾರಂಭಕ್ಕೆ ನಾಳೆ ಬೆಳಗ್ಗೆ ಪತ್ರ ವೇದಿಕೆಯ ಮೇಲಿರಬೇಕು ಎಂದು ಮೇಲಿನವರು ಹೇಳಿಕಳಿಸಿದಾಗ ಪತ್ರದ ಎಡಮೂಲೆಯನ್ನು ಹುಳು ತಿಂದು ಮೂರು ಬೆರಳಗಲದ ತೂತಾಗಿತ್ತು. ತೇಪೆ ಹಾಕುವ ಕಾಗದ ಮುಗಿದು ನಾಲ್ಕು ತಿಂಗಳಾಗಿತ್ತು. ಬೈಂಡಿಂಗ್ ವಿಭಾಗದ ಮುಖ್ಯಸ್ಥರಾದ ದೊಡ್ಡ ಬೈಂಡರು ಹಲ್ಲುನೋವೆಂದು ಮಧ್ಯಾಹ್ನವೇ ಮನೆಗೆ ಹೋಗಿದ್ದರು. ಇಪ್ಪತ್ತೆಂಟರ ಅವನು ಮನೆಗೆ ಓಡಿಹೋಗಿ, ಯಾರೂ ನೋಡದ ಹಾಗೆ ಮಗಳ ಪುಸ್ತಕದಿಂದ ಒಂದು ಹಾಳೆ ಬಿಡಿಸಿಕೊಂಡು ಬಂದು, ಮೂಲೆ ಕತ್ತರಿಸಿ, ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಬಣ್ಣ ತಂದು, ನಾಲಿಗೆಯ ತುದಿಯಿಂದ ಒದ್ದೆ ಮಾಡಿ ಕಾಗದದ ನಾರು ಯಾವ ಕಡೆಗೆ ಓಡುತ್ತದೆ ಎಂದು ನೋಡಿ, ಮೂಲದ ನಾರಿಗೆ ಸರಿಯಾಗಿ ಕೂರಿಸಿ, ಅಂಚನ್ನು ಚಾಕುವಿನಿಂದ ತೆಳ್ಳಗೆ ಸವರಿ ಅಂಟಿಸಿದ. ಬೆರಳಾಡಿಸಿದರೆ ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ನಾರಿನ ಚಿಂತೆಯಲ್ಲಿ ಬೆಳಕಿನ ಚಿಂತೆ ಮರೆತೇಹೋಗಿತ್ತು. ಯಾವ ಕಾಗದವನ್ನೇ ಆಗಲಿ ಮೊದಲು ಬೆಳಕಿಗೆ ಹಿಡಿದು ನೋಡು ಎಂಬುದು ದೊಡ್ಡ ಬೈಂಡರು ಕಲಿಸಿದ ಮೊದಲ ಪಾಠ. ಆ ದಿನ ಕಿಟಕಿ ಪಕ್ಕದಲ್ಲೇ ಇತ್ತು.

"ಭಾವ, ಈವತ್ತು ಶರ್ಟಿನ ಮೇಲೆ ಇದನ್ನ ಚುಚ್ಕೊಳ್ಳಿ," ಎಂದು ಭಾಮೈದ ಬ್ರೆಡ್ಡಿನ ತಟ್ಟೆಯ ಪಕ್ಕ ಒಂದು ಬಿಲ್ಲೆ ಇಟ್ಟ. ತಗಡಿನ ಹುಂಜ. ಬಾಲದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

"ನಾನು ಸರ್ಕಾರಿ ನೌಕರ ಕಣಯ್ಯ."

"ಅದಕ್ಕೇ ಚುಚ್ಕೊಬೇಕು. ಒಳಗಿನವರು ನಮ್ಮ ಕಡೆ ಇದಾರೆ ಅಂತ ಗೊತ್ತಾಗ್ಲಿ. ದೊಡ್ಡ ಬೈಂಡರು ಆ ವಯಸ್ಸಲ್ಲಿ ಜೈಲಿಗೆ ಹೋಗೋಕೂ ರೆಡಿ ಇದಾರೆ, ನಿಮಗೊಂದು ಪಿನ್ನು ಭಾರ ಆಯ್ತಾ?"

"ಜೈಲು ಯಾಕೆ?"

"ಪೇಪರ್ ಓದಲ್ವಾ? ರಿಪೇರಿ ಪುಸ್ತಕದಲ್ಲಿ ಅವರ ಸಹಿ ಇದೆಯಂತೆ. ದೊರೆಯ ಹುಂಜಾನ ಪತ್ರದೊಳಗೆ ಸೇರಿಸಿ ಕಾಪಾಡಿದ್ದು ಅವರೇ. ಈವತ್ತು ಸಮಿತಿ ಹೂಂ ಅಂದ್ರೆ ಅವರ ಮೇಲೆ ಕೇಸು. ರಾಷ್ಟ್ರದ ದಾಖಲೆ ತಿದ್ದಿದ್ದಕ್ಕೆ ಏಳು ವರ್ಷ."

"ಎಂಬತ್ತಾರು ವರ್ಷದವರಿಗೆ ಏಳು ವರ್ಷ!" ಎಂದಳು ಹೆಂಡತಿ. "ಹುಂಜ ಆದ್ರೇನು, ಹೆಂಟೆ ಆದ್ರೇನು, ಮೊಟ್ಟೆ ಇಟ್ರೆ ಹೇಳಿ. ನೀವು ಯಾಕೆ ಹೀಗೆ ಬೆವರ್ತಾ ಇದೀರ?"

ಅವನು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಎದ್ದ. ಇದೇ ಮೇಜು, ಇದೇ ಅಡುಗೆಮನೆ. ತೇಪೆ ಹಾಕಿದ ಆ ಸಂಜೆ, ಆರು ವರ್ಷದ ಮಗಳು ಪುಸ್ತಕ ತೆರೆದು ಹಾಳೆ ಹರಿದಿದ್ದಾರೆ ಎಂದು ಅತ್ತಾಗ, ನೀನೇ ಹರಿದು ಬಿಸಾಕಿ ಈಗ ನಾಟಕ ಆಡ್ತೀಯಾ ಎಂದು ಹೆಂಡತಿ ಒಂದೇಟು ಹಾಕಿದ್ದಳು. ಅವನು ಬಚ್ಚಲಿನಲ್ಲಿ ಕೈ ತೊಳೆಯುತ್ತಲೇ ನಿಂತಿದ್ದ, ಬೆರಳಿಗಂಟಿದ ಗೋಂದು ಪೂರ್ತಿ ಹೋಗುವ ತನಕ, ಹೋದ ಮೇಲೂ. ಮಗಳು ಬಾಗಿಲ ಸಂದಿಯಿಂದ ಅವನನ್ನೇ ನೋಡುತ್ತಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡಿದ್ದ. ಮಗಳಿಗೆ ಈಗ ಮೂವತ್ತಾರು, ಬೇರೆ ಊರಿನಲ್ಲಿ ಸಿಟಿ ಬಸ್ಸು ಓಡಿಸುತ್ತಾಳೆ.

ದೊಡ್ಡ ಬೈಂಡರ ಮನೆ ಔಷಧದಂಗಡಿಯ ಮೇಲಿನ ಎರಡು ಕೋಣೆ. ಹನ್ನೆರಡು ಗಂಟೆಗೆ ಹೋದಾಗ ಮೆಟ್ಟಿಲ ತುಂಬ ಚಪ್ಪಲಿ. ಒಳಗೆ ಹದಿನೈದಿಪ್ಪತ್ತು ಜನ ನೆಲದ ಮೇಲೆ ಕೂತಿದ್ದರು, ಕುರ್ಚಿಯಲ್ಲಿ ದೊಡ್ಡ ಬೈಂಡರು ಮಫ್ಲರ್ ಸುತ್ತಿಕೊಂಡು ಕೂತು, ಕಣ್ಣು ಮುಚ್ಚಿ ಹೇಳುತ್ತಿದ್ದರು: "ದೊರೆ ನನ್ನ ಕೈ ಹಿಡ್ಕೊಂಡು ಅಂದ್ರು, ಬೈಂಡರೇ, ನನ್ನ ನಾಡು ನಿಮ್ಮ ಗೋಂದಿನಲ್ಲಿದೆ..." ದೊರೆ ಸತ್ತಾಗ ದೊಡ್ಡ ಬೈಂಡರು ಇನ್ನೂ ಭಂಡಾರಕ್ಕೆ ಸೇರಿರಲಿಲ್ಲ. ಕೆಲಸಕ್ಕೆ ಸೇರುವ ಮೊದಲು ಅವರು ಸೈಕಲ್ಲಿನಲ್ಲಿ ಐಸ್ ಮಾರುತ್ತಿದ್ದರು. ಬಾಗಿಲಲ್ಲಿ ನಿಂತ ಅವನಿಗೆ ಒಳಗೊಳಗೇ ಉರಿಯತೊಡಗಿತು. ಅಪರಾಧ ಒಪ್ಪಿಕೊಳ್ಳಲು ಬಂದವನಿಗೆ ಹೊಟ್ಟೆಕಿಚ್ಚು ಯಾಕೆ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಿತ್ತು, ಕೇಳಿಕೊಳ್ಳಬಾರದಿತ್ತು. ಅದು ಅವನ ಜೀವಮಾನದ ಅತ್ಯುತ್ತಮ ತೇಪೆ. ಮೂವತ್ತು ವರ್ಷ ಒಬ್ಬನೂ ಕಂಡುಹಿಡಿಯದ ತೇಪೆ. ಅದನ್ನು ಮಾಡಿದ್ದು ನಾನು ಎಂದು ಯಾರ ಮುಂದಾದರೂ ಹೇಳಬೇಕು ಎಂಬ ಆಸೆ ಒಂಬತ್ತು ತಿಂಗಳಿಂದ ಅವನನ್ನು ತಿನ್ನುತ್ತಿತ್ತು. ಮುದುಕರನ್ನು ಉಳಿಸಬೇಕೆಂಬುದೂ ನಿಜ, ಹೊಗಳಿಸಿಕೊಳ್ಳಬೇಕೆಂಬುದೂ ನಿಜ. ಎರಡರಲ್ಲಿ ಯಾವುದು ಹೆಚ್ಚು ನಿಜ ಎಂದು ತೂಗಲು ಹೋಗಿ ನಾಚಿಕೆಯಾಯಿತು.

ಜನ ಇಳಿದುಹೋದ ಮೇಲೆ ಮುದುಕರು ಕಣ್ಣು ತೆರೆದರು. "ಬಾರೋ. ಬಾಗಿಲು ಹಾಕು. ಹೆಂಗಿತ್ತು?"

"ಸರ್, ಆ ತೇಪೆ ಹಾಕಿದ್ದು ನಾನು."

"ಗೊತ್ತು."

ಅವನು ಮಾತನ್ನು ಮೂರು ರೀತಿಯಲ್ಲಿ ಕಲಿತು ಬಂದಿದ್ದ, ಮೂರಕ್ಕೂ ಇದು ಉತ್ತರವಾಗಿರಲಿಲ್ಲ.

"ಮಾರನೇ ದಿನ ಬೆಳಗ್ಗೆ ಬಂದು ಬೆಳಕಿಗೆ ಹಿಡಿದೆ. ಹುಂಜ ನಗ್ತಾ ಇತ್ತು. ಎತ್ತಿ ಬಿಸಾಕೋಣ ಅನ್ಕೊಂಡೆ, ನಿನ್ನನ್ನ. ತೇಪೆ ಕೀಳೋಕೆ ಹೋದ್ರೆ ಏಳ್ತಾನೇ ಇಲ್ಲ, ಅಷ್ಟು ಚೆನ್ನಾಗಿ ಕೂತಿದೆ. ಇಷ್ಟು ಒಳ್ಳೆ ಕೆಲಸ ಮಾಡಿದವನಿಗೆ ಬಯ್ಯೋದು ಹೆಂಗೆ? ಸಹಿ ಹಾಕಿ ಸುಮ್ಮನಾದೆ."

ಮೂವತ್ತು ವರ್ಷ ಕಾದಿದ್ದ ಹೊಗಳಿಕೆ ಹೀಗೆ ಬಯ್ಗುಳದ ಮಧ್ಯೆ ಬಂದುಬಿಟ್ಟಿತು. ಅದನ್ನು ಸರಿಯಾಗಿ ಕೇಳಿಸಿಕೊಳ್ಳಲೂ ಆಗಲಿಲ್ಲ. "ಸರ್, ನಿಮ್ಮ ಮೇಲೆ ಕೇಸು ಹಾಕ್ತಾರೆ. ನಾನು ಈವತ್ತು ಸಮಿತಿ ಮುಂದೆ ಎಲ್ಲಾ ಹೇಳ್ತೀನಿ."

ಮುದುಕರ ಮುಖ ಸಣ್ಣಗಾಯಿತು. "ಮೂವತ್ತು ವರ್ಷ ಅಲ್ಲಿ ಕೂತು ಅಂಟಿಸಿದೆ ಕಣೋ. ಏನು ಮಾಡ್ತಿದೀರಿ ಅಂತ ಒಬ್ಬ ಕೇಳಿರ್ಲಿಲ್ಲ. ನನ್ನ ಮಗನೇ ಕೇಳಿರ್ಲಿಲ್ಲ. ಈಗ ದಿನಾ ಮೆಟ್ಟಿಲು ಹತ್ತಿ ಬರ್ತಾರೆ, ಕೆಮ್ಮಿದ್ರೆ ನೀರು ಕೊಡ್ತಾರೆ. ಹೊಟ್ಟೆಗೆ ಹಾಕ್ಕೊಂಡು ಸುಮ್ನಿರು ಅಂತ ಹೇಳ್ಬೇಕು ಅನ್ಸತ್ತೆ. ಹೇಳಲ್ಲ. ಹೋಗು, ಹೇಳ್ಕೋ." ಆಮೇಲೆ, ಅವನು ಮೆಟ್ಟಿಲು ಇಳಿಯುವಾಗ, ಹಿಂದಿನಿಂದ ಸಣ್ಣ ನಗೆ ಕೇಳಿಸಿತು. "ನಂಬಿದ್ರೆ ನೋಡು."

ವಿಚಾರಣೆ ಪುರಭವನದಲ್ಲಿ. ಎಡಗಡೆ ಮುಂದಿನಿಂದ ನೋಡುವವರು, ಬಲಗಡೆ ಹಿಂದಿನಿಂದ ನೋಡುವವರು, ಕೊನೆಯ ಸಾಲಿನಲ್ಲಿ ಹೆಂಟೆಯವರು ಮೂವರು. ಭಾಮೈದ ಮುಂದಿನ ಸಾಲಿನಲ್ಲೇ ಕೂತು ಹೆಬ್ಬೆರಳು ತೋರಿಸಿದ. ಟೀವಿಯವರ ದೀಪಗಳ ಶಾಖಕ್ಕೆ ಅವನ ಅಂಗಿ ಬೆನ್ನಿಗೆ ಅಂಟಿತು. ಸಮಿತಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಗಂಟಲಿಗೆ ಪೆಪ್ಪರ್‌ಮೆಂಟ್ ಚೀಪುತ್ತಾ, ಎಲ್ಲರನ್ನೂ ಒಂದೇ ಅಳತೆಯ ಬೇಸರದಿಂದ ನೋಡುತ್ತಿದ್ದರು. ಅವನು ಎದ್ದು ನಿಂತು ಹೇಳಿದ. ಕಾಗದ ಮುಗಿದಿದ್ದು, ಡ್ರಾಯಿಂಗ್ ಪುಸ್ತಕ, ಚಹಾ, ನಾಲಿಗೆ, ನಾರು, ಎಲ್ಲ. ನಾರಿನ ವಿಷಯ ಬಂದಾಗ ಅವನಿಗೇ ತಿಳಿಯದೆ ದನಿ ಏರಿತು, ಕೈಯಾಡಿಸಿ ಅಂಚು ಸವರುವುದು ಹೇಗೆ ಎಂದು ತೋರಿಸತೊಡಗಿದ. ಆಮೇಲೆ ಹಿಂದಿನಿಂದ ನೋಡುವವರಲ್ಲಿ ಒಬ್ಬ, "ಇವನಿಗೆ ಎಷ್ಟು ಕೊಟ್ರು?" ಎಂದ. ಮುಂದಿನಿಂದ ನೋಡುವವರಲ್ಲಿ ಒಬ್ಬ ಅದನ್ನೇ ಅಂದ. ಒಂಬತ್ತು ತಿಂಗಳಲ್ಲಿ ಎರಡೂ ಪಕ್ಷ ಒಂದೇ ಮಾತಾಡಿದ್ದು ಬಹುಶಃ ಅದೇ ಮೊದಲು. ಭಾಮೈದ ತಲೆ ತಗ್ಗಿಸಿ ಕನ್ನಡಕ ಒರೆಸುತ್ತಿದ್ದ.

ಅಧ್ಯಕ್ಷೆ ಒಂದು ಹಳೆಯ ಪುಸ್ತಕ ತರಿಸಿದರು. ಬೈಂಡಿಂಗ್ ವಿಭಾಗದ ಹಾಜರಿ ಪುಸ್ತಕ. ರಟ್ಟಿನ ಬೆನ್ನು ಅವನೇ ಹೊಲಿದದ್ದು. "ನೀವು ಹೇಳಿದ ದಿನ," ಎಂದು ಅವರು ಬೆರಳಿಟ್ಟು ಓದಿದರು, "ನೀವು ರಜೆ. ಕಾರಣ, ಮಗಳಿಗೆ ಜ್ವರ."

"ನಾನು ಒಂದು ದಿನಾನೂ ರಜೆ ಹಾಕಿಲ್ಲ ಮೇಡಂ!"

"ಇಲ್ಲಿ ಹಾಕಿದ್ದೀರಿ."

ಆಗ ಅವನಿಗೆ ಗೋಡೆ ಗಡಿಯಾರ ನೆನಪಾಯಿತು. ಇಪ್ಪತ್ತೈದು ವರ್ಷ ಒಂದೂ ರಜೆ ಹಾಕದ ನೌಕರನಿಗೆ ಭಂಡಾರದವರು ಕೊಡುವ ಗೋಡೆ ಗಡಿಯಾರ. ಒಂದು ರಜೆ ಇದೆ ಎಂದು ಹೇಳಿ ಅವನಿಗೆ ಕೊಟ್ಟಿರಲಿಲ್ಲ. ಗುಮಾಸ್ತನ ಕೈತಪ್ಪು ಎಂದು ಅವನು ಮೂರು ಅರ್ಜಿ ಬರೆದಿದ್ದ, ಆ ಗುಮಾಸ್ತನ ಜೊತೆ ಮಾತು ಬಿಟ್ಟು ಏಳು ವರ್ಷವಾಗಿತ್ತು. ಹಾಜರಿ ಬರೆಯುತ್ತಿದ್ದವರು ದೊಡ್ಡ ಬೈಂಡರು. ಹುಂಜವನ್ನು ಕಂಡ ಬೆಳಗ್ಗೆಯೇ ಅವರು ಹಿಂದಿನ ದಿನದ ಹಾಜರಿ ತಿದ್ದಿ ತನ್ನನ್ನು ಆ ಕೋಣೆಯಿಂದ, ಆ ದಿನದಿಂದ, ಆ ತಪ್ಪಿನಿಂದ ಎತ್ತಿ ಹೊರಗಿಟ್ಟಿದ್ದರು. ಅಕ್ಷರ ತಿದ್ದಿದ್ದು ಗೊತ್ತೇ ಆಗುತ್ತಿರಲಿಲ್ಲ. ಅದೂ ಒಂದು ತೇಪೆಯೇ, ತನ್ನದಕ್ಕಿಂತ ಚೆನ್ನಾಗಿತ್ತು. ಅವನಿಗೆ ಕಣ್ಣು ತುಂಬಿ ಬಂತು. ಮೂವತ್ತೆರಡು ವರ್ಷ ದಾಖಲೆಗಳನ್ನು ಜನ ನಂಬುವ ಹಾಗೆ ರಿಪೇರಿ ಮಾಡಿದವನ ಬಾಯಿಮಾತನ್ನು ದಾಖಲೆಯ ಎದುರು ಯಾರು ನಂಬುತ್ತಾರೆ? ತಾನೇ ಅಧ್ಯಕ್ಷೆಯ ಕುರ್ಚಿಯಲ್ಲಿದ್ದರೂ ನಂಬುತ್ತಿರಲಿಲ್ಲ.

ಅವನ ಕಣ್ಣೀರನ್ನು ಅಧ್ಯಕ್ಷೆ ಬೇರೆಯಾಗಿ ಓದಿಕೊಂಡರು. ಪೆಪ್ಪರ್‌ಮೆಂಟನ್ನು ಒಂದು ದವಡೆಗೆ ಸರಿಸಿ, "ಗುರುವಿನ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳಲು ಬಂದ ಇಂಥ ಶಿಷ್ಯನನ್ನು ನನ್ನ ವೃತ್ತಿಯಲ್ಲಿ ನೋಡಿಲ್ಲ," ಎಂದರು. "ಇಂಥ ಶಿಷ್ಯನನ್ನು ಬೆಳೆಸಿದ ಮನುಷ್ಯನನ್ನು ಎಂಬತ್ತಾರನೇ ವಯಸ್ಸಿನಲ್ಲಿ ಕಟಕಟೆಗೆ ಹತ್ತಿಸಲು ಈ ಸಮಿತಿ ಶಿಫಾರಸು ಮಾಡುವುದಿಲ್ಲ. ಹುಂಜದ ಮುಖ ಯಾವ ಕಡೆಗಿದೆ ಎಂಬುದಕ್ಕೆ ಬೇರೆ ಉಪಸಮಿತಿ ನೇಮಿಸಲಾಗುವುದು." ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೆಂಟೆಯವರೂ ತಟ್ಟಿದರು. ಭಾಮೈದ ಓಡಿಬಂದು ತಬ್ಬಿಕೊಂಡು, "ಏನ್ ಸುಳ್ಳು ಭಾವ! ಡ್ರಾಯಿಂಗ್ ಪುಸ್ತಕ ಅಂತೆ! ಎಲ್ಲಿಂದ ಹೊಳೀತು?" ಎಂದು ಬೆನ್ನು ಗುದ್ದಿದ. ಜೀವನದಲ್ಲಿ ಮೊದಲ ಸಲ ಸಾವಿರ ಜನ ತನಗೆ ಚಪ್ಪಾಳೆ ತಟ್ಟುತ್ತಿದ್ದರು, ಹೇಳಿದ್ದರಲ್ಲಿ ಒಂದಕ್ಷರವನ್ನೂ ನಂಬದೆ.

ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಾಗ ಫೋನು ಬಂತು.

"ಅಪ್ಪ, ಡಿಪೋದಲ್ಲಿ ಟೀವಿ ಹಾಕಿದ್ರು. ನೋಡ್ದೆ." ಮಗಳ ಹಿಂದೆ ಬಸ್ಸಿನ ಎಂಜಿನ್ ಗುರುಗುಡುತ್ತಿತ್ತು. "ಅದು ನನ್ನ ಪುಸ್ತಕದ ಹಾಳೆ, ಅಲ್ವಾ?"

ಅವನು ಬೂಟನ್ನು ಕೈಯಲ್ಲೇ ಹಿಡಿದುಕೊಂಡು ಕೂತ. ಸಾವಿರ ಜನರ ಮುಂದೆ ಸಲೀಸಾಗಿ ಬಂದ ಮಾತು ಇಲ್ಲಿ ಒಬ್ಬಳ ಮುಂದೆ ಚೂರುಚೂರಾಗಿ ಬಂತು. "ಹೂಂ. ನಾನೇ ತಗೊಂಡಿದ್ದು. ನಿಮ್ಮಮ್ಮ ಹೊಡೆದಾಗ ನಾನು ಬಚ್ಚಲಲ್ಲಿದ್ದೆ. ಹೇಳಬೇಕಿತ್ತು. ತಪ್ಪಾಯ್ತು ಮಗಳೇ."

"ಆಗ್ಲೇ ಗೊತ್ತಿತ್ತು ನಂಗೆ. ಹರಿದಿರ್ಲಿಲ್ಲ ಅದು, ಹೊಲಿಗೆ ಹತ್ರ ನೀಟಾಗಿ ಬಿಡಿಸಿತ್ತು. ನಮ್ಮನೇಲಿ ಇನ್ಯಾರು ಹಾಗೆ ಬಿಡಿಸ್ತಾರೆ?" ಅವಳು ಯಾರಿಗೋ ಬಸ್ಸಿನ ನಂಬರು ಹೇಳಿ ಮತ್ತೆ ಫೋನಿಗೆ ಬಂದಳು. "ನೀನು ಹೇಳ್ತೀಯ ಅಂತ ಕಾಯ್ತಾ ಇದ್ದೆ. ಆಮೇಲೆ ಮರ್ತೆ. ಉಳಿದ ಹಾಳೆ ಏನ್ಮಾಡ್ದೆ? ಅದರಲ್ಲಿ ನಿನ್ನ ಚಿತ್ರ ಬರೆದಿದ್ದೆ."

ಬೈಂಡರಾದವನು ಕಾಗದ ಬಿಸಾಡುವುದಿಲ್ಲ. ಮಂಚದ ಕೆಳಗೆ ಬಿಸ್ಕತ್ತಿನ ದೊಡ್ಡ ಡಬ್ಬವಿತ್ತು, ಅದರಲ್ಲಿ ಮೂವತ್ತೆರಡು ವರ್ಷದ ಚೂರುಗಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಂಡಿಯೂರಿ ಕೆದಕಿದ. ತಳದಲ್ಲಿ ಸಿಕ್ಕಿತು. ಪೆನ್ಸಿಲ್ಲಿನ ಮನುಷ್ಯ, ಮೇಜು, ಮೇಜಿನ ಮೇಲೆ ದೊಡ್ಡ ಡಬ್ಬಿ, ಡಬ್ಬಿಯ ಮೇಲೆ 'ಗೋಂದು' ಎಂದು ಬರೆದಿತ್ತು. ಮನುಷ್ಯನಿಗೆ ಮೂಗು ದೊಡ್ಡದು, ಕಾಲಿಲ್ಲ. ಕಾಲು ಇನ್ನೂ ಬರೆಯದೆ ಬಿಟ್ಟಿದ್ದ ಖಾಲಿ ಮೂಲೆಯನ್ನು ಅವನೇ ಕತ್ತರಿಸಿದ್ದ. ಅವತ್ತು ಅವಸರದಲ್ಲಿ ಉಳಿದ ಹಾಳೆಯ ಮೇಲೆ ಏನಿದೆ ಎಂದೂ ನೋಡಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ ಸಂಜೆಯ ಬೆಳಕಿಗೆ ಎತ್ತಿ ಹಿಡಿದ. ಕತ್ತರಿಸಿದ ಅಂಚಿನ ಪಕ್ಕದಲ್ಲಿ, ಕಾಗದದ ಒಳಗಿನಿಂದ, ಮೂರು ಬಾಗಿದ ಗರಿಗಳು ಮೇಲೆದ್ದವು.

ಬಾಲ. ಇಡೀ ನಾಡು ಹುಡುಕುತ್ತಿದ್ದ ಬಾಲ. ಇದನ್ನು ಹಿಡಿದುಕೊಂಡು ಈಗಲೇ ಅಧ್ಯಕ್ಷೆಯ ಮನೆಗೆ ಓಡಿದರೆ ಪತ್ರಕ್ಕೆ ಕೂಡಿಸಿ ನೋಡುತ್ತಾರೆ, ಅಂಚಿಗೆ ಅಂಚು ಕೂರುತ್ತದೆ, ತನ್ನ ತೇಪೆ ತನ್ನದಾಗುತ್ತದೆ, ಗಡಿಯಾರವೂ ಬರಬಹುದು. ಮತ್ತೆ ಆ ಹಾಜರಿ ಪುಸ್ತಕ ತಿದ್ದಿದ್ದು ಯಾರು ಎಂದು ಕೇಳುತ್ತಾರೆ. ಔಷಧದಂಗಡಿಯ ಮೇಲಿನ ಮೆಟ್ಟಿಲಲ್ಲಿ ನಾಳೆ ಒಂದೂ ಚಪ್ಪಲಿ ಇರುವುದಿಲ್ಲ. ಆದರೂ ಅವನು ಹಾಳೆಯನ್ನು ಕೆಳಗಿಳಿಸಲಿಲ್ಲ, ಆಸೆಯಿಂದಲೇ.

"ಭಾವ, ಏನದು?" ಭಾಮೈದ ಬಾಗಿಲಲ್ಲಿ ನಿಂತು ಕನ್ನಡಕ ಹಣೆಗೇರಿಸಿ ಕಣ್ಣು ಕಿರಿದು ಮಾಡಿದ.

ಅವನು ಹಾಳೆಯನ್ನು ಬೆಳಕಿನಿಂದ ಇಳಿಸಿ ಮೇಜಿನ ಮೇಲೆ ಮಲಗಿಸಿದ. ಗರಿಗಳು ಮಾಯವಾದವು. "ಮಗಳು ಚಿಕ್ಕವಳಿದ್ದಾಗ ಬರೆದಿದ್ದು."

ಭಾಮೈದ ಹತ್ತಿರ ಬಂದು ಮೂಗು ತಾಗುವಷ್ಟು ಬಗ್ಗಿ ನೋಡಿದ. "ನಿಮ್ಮ ಮೂಗು ಚೆನ್ನಾಗಿ ಬಂದಿದೆ. ಕಾಲೆಲ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಲದ ಸಭೆಗೆ ತಡವಾಯಿತೆಂದು ಹೊರಟುಹೋದ.

"ಸಿಕ್ತಾ ಅಪ್ಪ?" ಎಂದಳು ಮಗಳು.

"ಸಿಕ್ತು. ಒಂದು ಮೂಲೆ ಇಲ್ಲ. ತೇಪೆ ಹಾಕಿ ಕಳಿಸ್ತೀನಿ, ಕಾಲು ನೀನೇ ಬರ್ಕೋ."

"ಸರಿ. ಬಸ್ ತೆಗೀಬೇಕು, ಇಡ್ತೀನಿ," ಎಂದವಳು ಇಡಲಿಲ್ಲ. "ಅಪ್ಪ, ಈ ಸಲ ಬೆಳಕಿಗೆ ಹಿಡಿದು ನೋಡಿ ಹಾಕು."

ಅವನು ಡಬ್ಬದಿಂದ ಒಂದೊಂದೇ ಚೂರು ತೆಗೆದು, ಕಿಟಕಿಗೆ ಎತ್ತಿ ಹಿಡಿದು ನೋಡುತ್ತಾ ಕೂತ.